ಮೆಕರೋನಿ ತಿನ್ನಿಸಿದ ಅಕ್ಕ

ಬೆಣ್ಣೆಯಲ್ಲಿ ಮೈದಾ ಹುರಿಯುವಾಗ ಒಂದು ವಾಸನೆ ಬರುತ್ತದೆ, ಬಿಸ್ಕತ್ತು ಬೇಯುವ ಬೇಕರಿ ಮುಂದೆ ಹಾದುಹೋದ ಹಾಗೆ. ಮೊನ್ನೆ ಭಾನುವಾರ ನಂಜನಗೂಡಿನ ನಮ್ಮ ಮನೆಯಲ್ಲಿ ಮಗಳಿಗೆಂದು ಮೆಕರೋನಿ ಮಾಡುತ್ತಿದ್ದೆ. ಪೊಟ್ಟಣದ ಮಸಾಲೆ ಬೇಡ, ಹಾಲು ಚೀಸು ಹಾಕಿ ನೀನೇ ಮಾಡು ಎಂದು ಅವಳ ಹಟ. ಹುರಿದ ಮೈದಾಕ್ಕೆ ಹಾಲು ಸುರಿದೆ, ಆ ವಾಸನೆ ಮೂಗಿಗೆ ಬಡಿಯಿತು, ಸೌಟು ಹಿಡಿದ ಕೈ ನಿಂತೇಹೋಯಿತು. ನೋಡುವಷ್ಟರಲ್ಲಿ ಗಂಟು ಕಟ್ಟಿತ್ತು.

"ಕೈ ನಿಲ್ಲಿಸ್ಬೇಡ ಕಣೇ, ಗಂಟಾಗತ್ತೆ" ಎನ್ನುತ್ತಿದ್ದರು ಪಕ್ಕದ ಮನೆ ಅಕ್ಕ...

ನಾನು ಚಿಕ್ಕವಳಿದ್ದಾಗ ನಾವು ಟಿ. ನರಸೀಪುರದಲ್ಲಿದ್ದೆವು. ಪಕ್ಕದ್ದು ದೊಡ್ಡ ಮನೆ, ಗೋಡೆಯ ಮೇಲೆ ಉದ್ದಕ್ಕೂ ಗಾಜಿನ ಚೂರು. ಆ ಮನೆಗೆ ಹೆಮ್ಮರಗಾಲದಿಂದ ಸೊಸೆಯಾಗಿ ಬಂದವರು ಅಕ್ಕ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದಿದ್ದರು. ಗಂಡನಿಗೆ ಕೆಲಸ ಕೊಳ್ಳೇಗಾಲದಲ್ಲಿ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನವೆಲ್ಲ ಆ ಮನೆಯಲ್ಲಿ ಅಕ್ಕ, ಅವರ ಅತ್ತೆ, ಇಬ್ಬರೇ. ಅತ್ತೆಯನ್ನು ನಾನು ಅಜ್ಜಿ ಎನ್ನುತ್ತಿದ್ದೆ.

ಲಿಂಗಪೂಜೆ ಆಗದೆ ತೊಟ್ಟು ನೀರೂ ಮುಟ್ಟದ ಮನೆ ಅವರದು. ವಾರಕ್ಕೊಮ್ಮೆ ಕೋಳಿ ಬೇಯುವ ಮನೆ ನಮ್ಮದು. ಆದರೂ ನನಗೆ ಪಾಠ ಹೇಳಿಕೊಡಲು ಸಂಜೆ ಒಂದು ಗಂಟೆ ಹಿತ್ತಲ ಬಾಗಿಲಿನಿಂದ ನಮ್ಮಲ್ಲಿಗೆ ಬರಲು ಅಕ್ಕನಿಗೆ ಅಪ್ಪಣೆಯಿತ್ತು. ನಮ್ಮ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕಬಾರದು ಎಂಬುದು ಷರತ್ತು. ಇದು ದೊಡ್ಡವರಿಗೆಲ್ಲ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಪಾಠ ಹದಿನೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ನಮ್ಮ ಅಕ್ಕಿ ಡಬ್ಬದ ಹಿಂದಿನಿಂದ ಅಕ್ಕನ ಪುಸ್ತಕಗಳು ಹೊರಗೆ ಬರುತ್ತಿದ್ದವು. ಟೀಚರ್ ಕೆಲಸದ ಪರೀಕ್ಷೆಗೆ ನಮ್ಮ ಮನೆ ವಿಳಾಸ ಕೊಟ್ಟು ಅರ್ಜಿ ಹಾಕಿದ್ದರು. ಹಾಲ್ ಟಿಕೆಟ್ ಬಂದರೆ ಒಂದು ಮಾತು ತಿಳಿಸು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವರ ತಂದೆ ಮಾತು ಕೊಟ್ಟಿದ್ದರಂತೆ. "ಪುಸ್ತಕದ ವಿಷ್ಯ ಅಜ್ಜಿ ಹತ್ರ ಬಾಯಿ ಬಿಟ್ಟೀಯ, ಹುಷಾರು" ಎಂದು ನನ್ನ ಕಿವಿ ಹಿಂಡುತ್ತಿದ್ದರು. ನಾನು ಊರಿಗೇ ಬಾಯಿಬಡುಕಿ. ಆದರೂ ಆ ಗುಟ್ಟನ್ನು ಜೋಪಾನವಾಗಿ ಕಾಪಾಡಿದ್ದೆ.

ಆ ವರ್ಷ ನನಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟರೂ ಬಾಯಿಗೆ ಏನೂ ಸೇರದು. ಗಂಜಿ ಕಂಡರೆ ಓಕರಿಕೆ. ಅಮ್ಮ ಅತ್ತೇಬಿಟ್ಟಿದ್ದಳು. ಆಗ ಅಕ್ಕ ನಮ್ಮಪ್ಪನ ಕೈಲಿ ಮೈಸೂರಿನಿಂದ ಮೆಕರೋನಿ, ಒಂದು ಡಬ್ಬ ಚೀಸು ತರಿಸಿ, ಸೆರಗು ಸಿಕ್ಕಿಸಿ ನಮ್ಮ ಒಲೆ ಮುಂದೆ ನಿಂತರು. ಉಪ್ಪು ನೀರಿನಲ್ಲಿ ಮೆಕರೋನಿ ಬೇಯಿಸಿದರು. ಬೆಣ್ಣೆ, ಮೈದಾ, ಹಾಲು, ತುರಿದ ಚೀಸು, ಮೇಲೊಂದು ಚಿಟಿಕೆ ಮೆಣಸಿನ ಪುಡಿ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಕಲಿಸಿದ್ದಂತೆ. ನಿನಗೊಂದು ತುತ್ತು, ನನಗೊಂದು ತುತ್ತು ಎಂದು ಒಂದೇ ತಟ್ಟೆಯಲ್ಲಿ ತಿನ್ನಿಸಿದರು. ಅಕ್ಕ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಷ್ಟು ರುಚಿಯಾದದ್ದನ್ನು ಅಜ್ಜಿಗೆ ಕೊಡದೆ ತಿನ್ನುವುದು ಹೇಗೆ? ಕಂಡಾಗಲೆಲ್ಲ ನನಗೆ ಕೊಬ್ಬರಿ ಸಕ್ಕರೆ ಕೊಡುತ್ತಿದ್ದವರು ಅವರು. ಮರುದಿನ ಅಕ್ಕ ಮತ್ತೆ ಮಾಡಿಟ್ಟು ಪುಸ್ತಕ ಹಿಡಿದು ಕೂತಾಗ, ಒಂದು ಬಟ್ಟಲಿಗೆ ಹಾಕಿಕೊಂಡು ಹಿತ್ತಲಿನಿಂದ ಓಡಿದೆ. ಅಜ್ಜಿ ಮುಚ್ಚಳ ತೆಗೆದು ನೋಡಿದರು. ಬೆಳ್ಳಗೆ, ನಡುವೆ ತೂತು.

"ಇದೇನವ್ವಾ, ಮೂಳೆ ಇದ್ದಂಗದೆ?"

ನನಗೆ ನಗು ತಡೆಯಲಾಗಲಿಲ್ಲ. "ಮೂಳೆ ಅಲ್ಲ ಅಜ್ಜಿ! ಅಕ್ಕಾನೇ ನಮ್ಮ ಒಲೇಲಿ ಮಾಡಿದ್ದು. ಮೂಳೆ ಆಗಿದ್ರೆ ಅಕ್ಕ ತಿಂತಿದ್ರಾ?"

ಅಜ್ಜಿ ಬೈಯಲಿಲ್ಲ. ಬಟ್ಟಲಿಗೆ ಮುಚ್ಚಳ ಮುಚ್ಚಿ ನನ್ನ ಕೈಗೇ ವಾಪಸ್ ಕೊಟ್ಟರು. "ಓಗವ್ವಾ, ಮನೆಗೋಗು. ಅವ್ಳನ್ನ ಕಳ್ಸು" ಎಂದರು, ಅಷ್ಟೇ. ಮರುದಿನ ಅವರ ಹಿತ್ತಲ ಬಾಗಿಲಿಗೆ ಬೀಗ ಬಿದ್ದಿತ್ತು.

ಅಮ್ಮ ನನಗೆ ಬೆನ್ನ ಮೇಲೆ ಎರಡು ಬಿಟ್ಟಳು. "ಎಲ್ಲಿ ಏನು ಹೇಳ್ಬೇಕು ಅಂತ ಗೊತ್ತಾಗಲ್ವಾ? ಇನ್ನು ಆ ಮನೆಯೋರ ಹತ್ರ ತುಟಿ ಬಿಚ್ಚಿದ್ರೆ ನೋಡು!" ನಾನು ದೇವರ ಮುಂದೆ ಆಣೆ ಮಾಡಿದೆ.

ಹತ್ತು ಹದಿನೈದು ದಿನ ಕಳೆದು ಹಾಲ್ ಟಿಕೆಟ್ ಬಂತು. ಅಮ್ಮ ಸೆರಗಿನಲ್ಲಿ ಮರೆಮಾಡಿಕೊಂಡು ಅವರ ಮುಂಬಾಗಿಲಿಗೆ ಹೋದಳು. "ಅವ್ಳು ಅಡ್ಗೆಮನೇಲಿ ಕ್ಯಾಮೆ ಮಾಡ್ತಾವ್ಳೆ" ಎಂದು ಅಜ್ಜಿ ಹೊಸ್ತಿಲಿನಿಂದಲೇ ಸಾಗಹಾಕಿದರು. ಅಮ್ಮ ಆ ಕಾರ್ಡನ್ನು ನಮ್ಮಲ್ಲೇ ಉಳಿದಿದ್ದ ಅಕ್ಕನ ಪುಸ್ತಕದೊಳಗಿಟ್ಟು ಸುಮ್ಮನಾದಳು, ಇನ್ನೊಬ್ಬರ ಮನೆ ವಿಚಾರ ಎಂದುಕೊಂಡು.

ಎರಡು ದಿನ ಬಿಟ್ಟು ಸ್ಕೂಲಿನಿಂದ ಬರುತ್ತಿದ್ದೆ. ಓಣಿಯ ಕಡೆ ಅವರ ಅಡುಗೆ ಮನೆಯ ಕಿಟಕಿ. ಸರಳುಗಳ ಹಿಂದೆ ಅಕ್ಕ ನಿಂತಿದ್ದರು. ಮುಖ ಇಳಿದುಹೋಗಿತ್ತು. ನನ್ನ ಮೇಲೆ ಸಿಟ್ಟಾಗಿರುತ್ತಾರೆ ಎಂದು ಹೆದರಿದೆ. ಸರಳಿನಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು.

"ಊಟ ಮಾಡ್ತಿದ್ದೀಯೇನೇ?" ಎಂದರು. ಆಮೇಲೆ ದನಿ ತಗ್ಗಿಸಿ, "ಪೋಸ್ಟ್‌ನೋರು ಏನಾದ್ರೂ ಕೊಟ್ರಾ?"

ಒಳಗೆಲ್ಲೋ ಅಜ್ಜಿ ಕೆಮ್ಮಿದರು. ನನಗೆ ಆಣೆ ನೆನಪಾಯಿತು. ಅಕ್ಕನೇ ಹಿಂಡಿದ್ದ ಕಿವಿಯೂ ನೆನಪಾಯಿತು. ಈ ಸಲ ಜಾಣೆಯಾಗಿರಬೇಕು ಎಂದುಕೊಂಡೆ.

"ಇಲ್ಲ ಅಕ್ಕ. ಏನೂ ಬಂದಿಲ್ಲ."

ಅಕ್ಕ ಚಾಚಿದ್ದ ಕೈಯನ್ನು ಒಳಕ್ಕೆ ಎಳೆದುಕೊಂಡರು. "ಸರಿ ಬಿಡು... ಚೆನ್ನಾಗಿ ತಿನ್ನು" ಎಂದರು. ಮತ್ತೆ ಆ ಕಿಟಕಿಯಲ್ಲಿ ಅವರು ನನಗೆ ಕಾಣಿಸಲಿಲ್ಲ. ಪರೀಕ್ಷೆಯ ದಿನ ಕಳೆದುಹೋಯಿತು. ಮುಂದಿನ ವರ್ಷ ನಾವೇ ಆ ಮನೆ ಬಿಟ್ಟೆವು. ಕಿಟಕಿಯಲ್ಲಿ ಆಡಿದ ಆ ಸುಳ್ಳನ್ನು ನಾನು ಅಮ್ಮನಿಗೂ ಹೇಳಲಿಲ್ಲ, ಇವತ್ತಿನವರೆಗೂ.

ಮೊನ್ನೆ ಗಂಟುಗಳನ್ನು ಸೌಟಿನಿಂದ ಒಡೆದು ಹೇಗೋ ಸರಿಮಾಡಿದೆ. ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು. ಯಾರು ಕಲಿಸಿದ್ದು ಎಂದು ಕೇಳಿದಳು, ಪರೀಕ್ಷೆಗೆ ಓದುತ್ತಿದ್ದ ಒಬ್ಬ ಅಕ್ಕ ಎಂದೆ.

"ಟೀಚರ್ ಆದ್ರಾ ಅವ್ರು?"

ಗೊತ್ತಿಲ್ಲ ಎಂದೆ. ಅವಳು ಕೈ ತೊಳೆಯಲು ಎದ್ದುಹೋದ ಮೇಲೆ ಬೀರುವಿನಿಂದ ಆ ಹಳೇ ಪುಸ್ತಕ ತೆಗೆದೆ. ಹಾಲ್ ಟಿಕೆಟ್ ಹಳದಿಯಾಗಿದೆ. ಫೋಟೊದಲ್ಲಿರುವ ಅಕ್ಕನಿಗಿಂತ ನನಗೀಗ ಹತ್ತು ವರ್ಷ ಹೆಚ್ಚು ವಯಸ್ಸು. ನನ್ನ ಮೇಲೆ ನನಗೆ ಬರುವ ಸಿಟ್ಟು ಮಾತ್ರ ಚೂರೂ ಹಳತಾಗಿಲ್ಲ. ಅವರು ಎಲ್ಲಿದ್ದಾರೋ ಏನೋ... ಎಲ್ಲೇ ಇದ್ದರೂ, ಆ ಕಾರ್ಡು ಬರಲೇ ಇಲ್ಲ ಎಂದುಕೊಂಡೇ ಇದ್ದಾರೆ.