ಸಿಡಿಲಣ್ಣನ ಕೊನೆಯ ಕಂತು

ಹಲ್ಲಕ್ಕ ಹಲ್ಲಿನ ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳಿಗೇ ಸಿಟ್ಟು ಬರುತ್ತದೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಟ್ಟುಹಲ್ಲಿನ ಸೆಟ್ಟು ಮಾಡುವವಳು ಇವಳು. ದವಾಖಾನೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಮೂವತ್ತು ಚಿಲ್ಲರೆ ವರ್ಷಗಳಿಂದ ಇದೇ ಕೆಲಸ. ಊರಿನ ಅರ್ಧ ಮುದುಕರು ನಗುವುದು ಇವಳ ಕೈಗುಣದಿಂದ. ಇವಳು ಮಾತ್ರ ನಗುವುದು ಕಡಿಮೆ. ಮೂಗಿನ ತುದಿಯಲ್ಲೇ ಕೋಪ. ಎದುರಿಗಿದ್ದವರ ಮಾತು ಒಂದಿಷ್ಟು ಆಚೀಚೆಯಾದರೆ ಸಾಕು, "ಹಾಗಲ್ಲ" ಎಂದು ಶುರು ಮಾಡುತ್ತಾಳೆ. ನೋಡಲು ಬಂದ ಗಂಡುಗಳನ್ನೆಲ್ಲ ಮಾತು ತಿದ್ದಿ ತಿದ್ದಿಯೇ ಓಡಿಸಿದಳು ಎಂದು ಅವಳ ತಾಯಿ ಸಾಯುವವರೆಗೂ ಗೊಣಗುತ್ತಿದ್ದರು. ಮದುವೆ ಆಗಲಿಲ್ಲ. ಆಗಲಿಲ್ಲವೆಂದು ಅವಳು ಅತ್ತದ್ದನ್ನೂ ಯಾರೂ ನೋಡಲಿಲ್ಲ.

ಇಂಥವಳಿಗೆ ಒಂದು ಹುಚ್ಚು. ಸಿಡಿಲಣ್ಣನ ಹುಚ್ಚು.

ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಟೀವಿಯಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಧಾರಾವಾಹಿ ಅದು. ಸಿಡಿಲು ಬಡಿದರೂ ಸಾಯದೆ ಅದರ ಶಕ್ತಿಯನ್ನೆಲ್ಲ ನುಂಗಿಕೊಂಡ ಒಬ್ಬ ಪೋಸ್ಟ್‌ಮ್ಯಾನ್, ಮುಖಕ್ಕೆ ಮುಸುಕು ಹಾಕಿ, ಹೆಗಲಿಗೆ ಕಿಟಕಿಯ ಪರದೆಯಂಥ ಬಟ್ಟೆ ಕಟ್ಟಿಕೊಂಡು ಹಾರುತ್ತಾನೆ. ಹಾರುವಾಗ ಸೊಂಟಕ್ಕೆ ಬಿಗಿದ ತಂತಿ ಮಕ್ಕಳಿಗೂ ಕಾಣುತ್ತಿತ್ತು. ಅವನು ಎತ್ತಿ ಎಸೆದ ಬಂಡೆ ಡಾಕ್ಟರ್ ಕರಾಳನೆಂಬ ಖಳನ ತಲೆಯ ಮೇಲೆ ಬಿದ್ದು ಚೆಂಡಿನಂತೆ ಪುಟಿಯುತ್ತಿತ್ತು. ಗುದ್ದಿದರೆ ತೆರೆಯ ತುಂಬ 'ಢಮಾರ್' ಎಂಬ ಅಕ್ಷರ. ಗೋಡೆಗೆ ಒರಗಿದರೆ ಗೋಡೆಯೇ ಅಲ್ಲಾಡುತ್ತಿತ್ತು. ಈಗಿನವರು ನೋಡಿ ನಗುತ್ತಾರೆ. ನಗಲಿ, ಹಲ್ಲಿದ್ದವರು ನಗುತ್ತಾರೆ. ಆ ಕಾಲದಲ್ಲಿ ಸಿಡಿಲಣ್ಣ ಬರುವ ಹೊತ್ತಿಗೆ ಬೀದಿಗೆ ಬೀದಿಯೇ ಖಾಲಿಯಾಗುತ್ತಿತ್ತು.

ಭಾನುವಾರ ದವಾಖಾನೆಗೆ ರಜೆ, ಕೀಲಿಕೈ ಹಲ್ಲಕ್ಕನ ಬಳಿ. ಮಧ್ಯಾಹ್ನ ಊಟ ಮುಗಿಸಿ ನಾಲ್ಕು ಜನ ಅಲ್ಲಿ ಸೇರುತ್ತಿದ್ದರು: ಹಲ್ಲಕ್ಕ, ಕೆಲಸದಿಂದ ನಿವೃತ್ತನಾದ ಬಸ್ ಕಂಡಕ್ಟರ್, ಬೀದಿಯ ತುದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಪಾರ್ಲರಮ್ಮ, ಮತ್ತು ಲಿಫ್ಟು ರಿಪೇರಿ ಮಾಡುವ ಲಿಫ್ಟಣ್ಣ. ರೋಗಿಗಳು ಕಾಯುವ ಹಾಲಿನಲ್ಲಿ ಗೋಡೆಗೆ ಹಾಕಿದ ಟೀವಿಯಲ್ಲಿ, ವಾರಕ್ಕೆ ಒಂದೇ ಕಂತು. ಡಿಸ್ಕುಗಳು ಹಲ್ಲಕ್ಕನವು, ಎಲ್ಲೆಲ್ಲಿಂದಲೋ ಹುಡುಕಿ ತರಿಸಿದ್ದಳು. ನೋಡುವುದೆಂದರೆ ಬರೀ ನೋಡುವುದಲ್ಲ. ಟೀವಿಯ ದನಿ ತಗ್ಗಿಸಿ, ಪಾತ್ರಗಳ ಮಾತನ್ನು ಇವರೇ ಆಡಬೇಕು. ಕರಾಳನ ಅಟ್ಟಹಾಸ ಕಂಡಕ್ಟರದು. ಸಿಡಿಲಣ್ಣನ ಜೊತೆಗಾತಿ ಮಿಂಚಿಯ ಕೀರಲು ಪಾರ್ಲರಮ್ಮನದು. ಸಿಡಿಲಣ್ಣ ಎಂದರೆ ಲಿಫ್ಟಣ್ಣ. ಬೇರೆ ಯಾರೂ ಆ ಪಾತ್ರ ಕೇಳುವಂತಿಲ್ಲ. ಉಳಿದ ಪೊಲೀಸು, ಮಂತ್ರಿ, ನಾಯಿ ಎಲ್ಲ ಹಲ್ಲಕ್ಕ. ಯಾರಾದರೂ ಒಂದು ಮಾತು ನುಂಗಿದರೆ ಅವಳು ರಿಮೋಟು ಒತ್ತಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಹೇಳಿಸುತ್ತಿದ್ದಳು. "ಇವಳೇನು ಪರೀಕ್ಷೆ ತಗೋತಾಳೋ ಸಿನಿಮಾ ತೋರಿಸ್ತಾಳೋ" ಎಂದು ಕಂಡಕ್ಟರ್ ಗೊಣಗುತ್ತಿದ್ದ. ಆದರೂ ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದವನು ಅವನೇ.

ನಾಲ್ವರಲ್ಲಿ ಕೊನೆಯ ಕಂತನ್ನು ನೋಡದೆ ಇದ್ದವನು ಲಿಫ್ಟಣ್ಣ ಒಬ್ಬನೇ. ಅದು ಪ್ರಸಾರವಾದ ದಿನ ಅವನು ಹುಡುಗ. ಟೀವಿ ಇದ್ದ ಪರಿಚಯದವರ ಮನೆ ಎತ್ತರದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿದರೆ ತಡವಾದೀತೆಂದು ಲಿಫ್ಟಿಗೆ ನುಗ್ಗಿದ; ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಕೂಗಿದ, ಕಂಬಿ ಬಡಿದ, ಅತ್ತ. ಎಲ್ಲರೂ ಸಿಡಿಲಣ್ಣನ ಮುಂದೆ ಕೂತಿದ್ದರು, ಯಾರಿಗೆ ಕೇಳಬೇಕು? ಹೊರಗೆ ಎಳೆದು ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. "ಅವತ್ತೇ ತೀರ್ಮಾನ ಮಾಡ್ದೆ, ಈ ಸೂಳೆಮಗನ್ ಯಂತ್ರಾನ ಬಿಚ್ಚಿ ಒಳಗೇನಿದೆ ನೋಡ್ತೀನಿ ಅಂತ" ಎಂದು ಹೇಳಿ ನಗುತ್ತಿದ್ದ. ಹಾಗೆ ಬಿಚ್ಚುತ್ತಲೇ ಮುದುಕನಾದ.

ದವಾಖಾನೆಯಲ್ಲಿ ಕಂತುಗಳ ಮೊದಲ ಸುತ್ತು ಮುಗಿಯುತ್ತ ಬಂದಾಗ ಎಲ್ಲರೂ ಅವನ ಮುಖ ನೋಡಿದರು. ಅವನು ಕೈಯಾಡಿಸಿದ. "ಇರ್ಲಿ ಬಿಡು ಹಲ್ಲಕ್ಕ. ಅದನ್ನ ನೋಡಿದ್ರೆ ಮುಗಿದೇಹೋಗುತ್ತೆ. ಮತ್ತೆ ಮೊದಲಿಂದ ಹಾಕು." ಹಲ್ಲಕ್ಕನಿಗೆ ದೊಡ್ಡ ಹೊರೆ ಇಳಿದಂತಾಯಿತು. ಯಾಕೆಂದರೆ ಆ ಕೊನೆಯ ಕಂತು ಅಷ್ಟು ಕೆಟ್ಟದಾಗಿತ್ತು. ಕೆಟ್ಟದೆಂದರೆ ನಗು ಬರುವ ಕೆಟ್ಟದಲ್ಲ, ನೋಡಿದವರಿಗೆ ಮೋಸ ಹೋದೆವೆನ್ನಿಸುವ ಕೆಟ್ಟದು. ಉಳಿದ ಮೂವರೂ ಮಕ್ಕಳಾಗಿದ್ದಾಗ ಅದನ್ನು ನೋಡಿ ಅನ್ನ ಬಿಟ್ಟು ಮಲಗಿದವರು. ಹೀಗಾಗಿ ಅಂದಿನಿಂದ ಕೊನೆಯ ಹಿಂದಿನ ಕಂತಿಗೆ ಸುತ್ತು ಮುಗಿಯುತ್ತಿತ್ತು. ಮುಂದಿನ ಭಾನುವಾರ ಮತ್ತೆ ಪೋಸ್ಟ್‌ಮ್ಯಾನ್‌ಗೆ ಸಿಡಿಲು ಬಡಿಯುತ್ತಿತ್ತು. ಎಷ್ಟು ಸುತ್ತು ಹೀಗೆ ಹೋಯಿತೋ ಲೆಕ್ಕ ಇಟ್ಟವರಿಲ್ಲ.

ಲಿಫ್ಟಣ್ಣನಿಗೆ ಕೆಮ್ಮು ಮೊದಲೂ ಇತ್ತು. ಲಿಫ್ಟಿನ ಕೆಳಗಿನ ಹಳ್ಳಕ್ಕಿಳಿದು ದೂಳು ಕುಡಿದವನಲ್ಲವೇ, ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಆಮೇಲೆ ಸಿಡಿಲಣ್ಣನ ಉದ್ದ ಮಾತುಗಳ ನಡುವೆ ಅವನಿಗೆ ಉಸಿರು ಸಾಲದಾಯಿತು. ಹಲ್ಲಕ್ಕ ಎಂದಿನಂತೆ ನಿಲ್ಲಿಸಿ "ಮತ್ತೆ ಹೇಳು" ಅಂದಳು. ಅವನು ಹೇಳಲು ಹೋಗಿ ಸಾಧ್ಯವಾಗದೆ ಸುಮ್ಮನೆ ತಲೆಯಾಡಿಸಿದ. ಅಂದಿನಿಂದ ಅವಳು ನಿಲ್ಲಿಸುವುದನ್ನೇ ಬಿಟ್ಟಳು. ಯಾರು ಏನು ನುಂಗಿದರೂ ಬಾಯಿ ತೆರೆಯಲಿಲ್ಲ. ಅವಳು ತಿದ್ದದೆ ಇದ್ದದ್ದನ್ನು ಕಂಡಾಗಲೇ ಇದು ಬರೀ ಕೆಮ್ಮಲ್ಲವೆಂದು ಪಾರ್ಲರಮ್ಮನಿಗೆ ಗೊತ್ತಾದದ್ದು.

ದೊಡ್ಡಾಸ್ಪತ್ರೆಯವರು ಕೈಚೆಲ್ಲಿ ಲಿಫ್ಟಣ್ಣನನ್ನು ಮನೆಗೆ ಕಳಿಸಿದರು. ಮುಂಗೋಣೆಯಲ್ಲಿ ಮಂಚ, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್, ಎದುರಿಗೆ ಟೀವಿ. ಅವನ ಹೆಂಡತಿ ಮಾತು ಕಡಿಮೆಯ ಹೆಂಗಸು. ಬಂದವರಿಗೆ ಚಹಾ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಭಾನುವಾರದ ಕೂಟ ಅಲ್ಲಿಗೇ ಬಂತು. ಮೊದಲ ದಿನವೇ ಲಿಫ್ಟಣ್ಣ ಕೇಳಿದ, "ಹಲ್ಲಕ್ಕ, ಆ ಕೊನೇದನ್ನ ಹಾಕಿಬಿಡು. ಇನ್ನು ಇಟ್ಕೊಂಡು ಏನ್ ಮಾಡ್ಲಿ?"

ಜೀವಮಾನವೆಲ್ಲ ಕಾದವನು ಕಣ್ಣು ಮುಚ್ಚುವ ಮುಂಚೆ ಆ ಕಸವನ್ನು ನೋಡಬೇಕೇ? "ತಂದಿಲ್ಲ" ಅಂದಳು. ಮುಂದಿನ ವಾರ, "ಪ್ಲೇಯರ್ ಆ ಡಿಸ್ಕನ್ನ ತಗೋತಿಲ್ಲ." ಅದರ ಮುಂದಿನ ವಾರ, "ಗೀರು ಬಿದ್ದಿದೆ ಕಣೋ, ಬೇರೆ ತರಿಸ್ತೀನಿ." ಕಂಡಕ್ಟರ್ ಕಣ್ಣು ಎಲ್ಲೋ ನೆಟ್ಟ, ಪಾರ್ಲರಮ್ಮ ಉಗುರು ನೋಡಿಕೊಂಡಳು. ಇಬ್ಬರಿಗೂ ಅವಳು ಹೇಳುವುದು ಸುಳ್ಳೆಂದು ಗೊತ್ತಿತ್ತು. ಯಾಕೆ ಹೇಳುತ್ತಿದ್ದಾಳೆಂಬುದೂ ಗೊತ್ತಿತ್ತು.

"ಸರಿ, ಡಿಸ್ಕ್ ಬೇಡ" ಅಂದ ಲಿಫ್ಟಣ್ಣ. "ಬಾಯಲ್ಲಿ ಹೇಳು. ಕೊನೆಗೆ ಏನಾಯ್ತು?"

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಥವಾ ಇದೇ ದಾರಿ ಎಂದು ಅವಳಿಗೆ ಅನ್ನಿಸಿತೋ ಏನೋ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಶುರು ಮಾಡಿದಳು. ಊರಿನ ಮೇಲೆ ಕಪ್ಪು ಮೋಡ ಕವಿಯಿತು, ಕರಾಳ ತನ್ನ ಯಂತ್ರವನ್ನು ಚಾಲೂ ಮಾಡಿದ, ಸಿಡಿಲಣ್ಣ ತನ್ನ ಶಕ್ತಿಯನ್ನೆಲ್ಲ ಮೋಡಕ್ಕೆ ಹಿಂದಿರುಗಿಸಿದ, ಮಳೆ ಬಂತು, ಕರಾಳ ಮಳೆಯಲ್ಲಿ ನಿಂತು ಮಗುವಿನಂತೆ ಅತ್ತ. ಆಹಾ, ಹೇಳುತ್ತ ಹೇಳುತ್ತ ಅವಳ ಮುಖವೇ ಬದಲಾಯಿತು! ಕಂಡಕ್ಟರ್ ಬಾಯಿಬಿಟ್ಟು ಕೇಳುತ್ತಿದ್ದ. ಕೊನೆಗೆ ಸಿಡಿಲಣ್ಣ ಮಿಂಚಿಯನ್ನು ಎತ್ತಿಕೊಂಡು ಅವಳ ಮನೆಗೆ ಹಾರಿ ಹೋಗುತ್ತಾನೆ. ಬಾಗಿಲಲ್ಲಿ ಮಿಂಚಿಯ ತಾಯಿ ನಿಂತಿರುತ್ತಾಳೆ. ಮುಸುಕು ತೆಗೆದು ಅವಳ ಕೈಗೆ ಒಂದು ಪತ್ರ ಕೊಟ್ಟು, "ನಾನು ಪೋಸ್ಟ್‌ಮ್ಯಾನ್ ಅಮ್ಮಾ" ಅನ್ನುತ್ತಾನೆ.

ಲಿಫ್ಟಣ್ಣ ಕಣ್ಣು ಮುಚ್ಚಿದ್ದ. ಹಲ್ಲಕ್ಕನಿಗೆ, ಗೆದ್ದೆ ಎನ್ನಿಸಿತು.

"ಮಿಂಚಿ ತಾಯಿ ಎಲ್ಲಿಂದ ಬಂದ್ಲು?" ಅಂದ ಅವನು, ಕಣ್ಣು ತೆರೆಯದೆ.

ಹಲ್ಲಕ್ಕ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದಳು.

"ಗಡಿಯಾರ ಗೋಪುರದಿಂದ ಬಿದ್ದು ಸತ್ತೋದ್ಲಲ್ಲ ಅವಳು. ಪ್ರತಿ ಸುತ್ತಲ್ಲೂ ಅಲ್ಲಿ ನೀನೇ ಮೂಗು ಒರೆಸ್ಕೋತೀಯ. ಸತ್ತೋಳು ಬಾಗ್ಲಲ್ಲಿ ಹೇಗೆ ನಿಂತ್ಲು?"

ಜನ್ಮವಿಡೀ ಬೇರೆಯವರ ತಪ್ಪು ಹಿಡಿದವಳು ಹೀಗೆ ಸಿಕ್ಕಿಬಿದ್ದಳು. ಆ ಹೆಂಗಸು ಸಾಯಬಾರದಿತ್ತೆಂದು ಅವಳಿಗೆ ಬಾಲ್ಯದಿಂದಲೂ ಆಸೆ. ಕಟ್ಟುಕಥೆಯ ಭರದಲ್ಲಿ ಆ ಆಸೆಯೇ ಬಂದು ಬಾಗಿಲಲ್ಲಿ ನಿಂತಿತ್ತು.

"ನಂಗೇ ಕಾಗಕ್ಕ ಗುಬ್ಬಕ್ಕನ ಕಥೆ ಹೇಳ್ತೀಯಲ್ಲೇ" ಅಂದ ಲಿಫ್ಟಣ್ಣ. ಕೋಪವಿರಲಿಲ್ಲ, ಅದೇ ಹೆಚ್ಚು ನೋಯುವಂತಿತ್ತು. "ಅಷ್ಟು ಕೆಟ್ಟದಾಗಿದೆಯಾ?"

"ಕೆಟ್ಟದಾಗಿದೆ ಕಣೋ" ಅಂದಳು ಹಲ್ಲಕ್ಕ. "ತುಂಬಾ ಕೆಟ್ಟದಾಗಿದೆ. ಅದಕ್ಕೇ…"

"ಒಳ್ಳೇದು ಕೊಡು ಅಂತ ನಾನು ಕೇಳ್ಲಿಲ್ಲವಲ್ಲ. ಕೊನೇದು ಕೊಡು ಅಂದೆ." ಅಷ್ಟು ಹೇಳುವುದಕ್ಕೆ ಅವನಿಗೆ ಮೂರು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಡಿಸ್ಕು ಅವಳ ಚೀಲದಲ್ಲೇ ಇತ್ತು. ಪ್ರತಿ ವಾರವೂ ತಂದು, ಪ್ರತಿ ವಾರವೂ ತೆಗೆಯದೆ ಹಿಂದಕ್ಕೆ ಒಯ್ಯುತ್ತಿದ್ದಳು. ಈಗ ತೆಗೆದು ಹಾಕಿದಳು.

ಅಭ್ಯಾಸಬಲದಿಂದ ಕಂಡಕ್ಟರ್ ಎದ್ದು ಟೀವಿಯ ದನಿ ತಗ್ಗಿಸಿದ. ಚಿತ್ರ ಶುರುವಾಯಿತು. ಯಾರೂ ಮಾತಾಡಲಿಲ್ಲ. ಮಾತಾಡುವುದಾದರೂ ಹೇಗೆ? ಬೇರೆ ಕಂತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಇದರ ಒಂದು ಮಾತೂ ಯಾರಿಗೂ ಬರುತ್ತಿರಲಿಲ್ಲ. ಲಿಫ್ಟಣ್ಣ ಸಿಡಿಲಣ್ಣ ಈಗ ಬಂದಾನೆಂದು ಬಾಯಿ ತೆರೆದವನು ಹಾಗೇ ಇದ್ದ. ಕಂಡಕ್ಟರ್ ಮತ್ತೆ ಎದ್ದು ದನಿ ಏರಿಸಿದ.

ಕಂತಿನಲ್ಲಿ ಏನೂ ಇರಲಿಲ್ಲ. ಹಣ ಮುಗಿದು ಅರ್ಧಕ್ಕೆ ನಿಲ್ಲಿಸಿದ ಧಾರಾವಾಹಿ. ಮಿಂಚಿ ಮೇಜಿನ ಮುಂದೆ ಕೂತು ಹಳೆಯದನ್ನೆಲ್ಲ ನೆನೆಯುತ್ತಾಳೆ. ಹಳೆಯ ಕಂತುಗಳ ತುಣುಕುಗಳು ಮಾತಿಲ್ಲದೆ, ಬರೀ ಸಂಗೀತದೊಂದಿಗೆ ಬಂದು ಹೋಗುತ್ತವೆ. ಕರಾಳನ ಸುದ್ದಿಯೇ ಇಲ್ಲ. ಕೊನೆಯಲ್ಲಿ ಸಿಡಿಲಣ್ಣ ಬರುತ್ತಾನೆ, ಬೆನ್ನು ಮಾತ್ರ ಕಾಣುತ್ತದೆ. ಪಾತ್ರಧಾರಿ ಬಿಟ್ಟುಹೋಗಿದ್ದರಿಂದ ಬೇರೆ ಯಾರಿಗೋ ಬಟ್ಟೆ ತೊಡಿಸಿದ್ದರು; ಬಟ್ಟೆ ಹೆಗಲಲ್ಲಿ ಜೋಲುತ್ತಿತ್ತು. "ನಾನು ಹೊರಟೆ" ಎಂದು ಯಾರದೋ ದನಿ. ಬಾಗಿಲ ಹಿಡಿ ಎಳೆಯುತ್ತಾನೆ, ಬಾಗಿಲು ಕಚ್ಚಿಕೊಂಡಿದೆ. ಮತ್ತೆ ಎಳೆಯುತ್ತಾನೆ. ತೆರೆಯುವುದಿಲ್ಲ. ಆಮೇಲೆ ಗೋಡೆಯ ಪಕ್ಕದಿಂದ ಸುತ್ತುಹಾಕಿ ಆಚೆ ಹೋಗುತ್ತಾನೆ. 'ಮುಗಿಯಿತು' ಎಂಬ ಅಕ್ಷರ.

ಬಾಗಿಲು ಕಚ್ಚಿಕೊಂಡಾಗ ಲಿಫ್ಟಣ್ಣ ನಕ್ಕಿದ್ದ. ನಗು ಕೆಮ್ಮಾಗಿ, ಹೆಂಡತಿ ಓಡಿ ಬಂದು ಬೆನ್ನು ನೀವಬೇಕಾಯಿತು. ಸುಧಾರಿಸಿಕೊಂಡು ಖಾಲಿ ತೆರೆಯತ್ತ ಗದ್ದ ತೋರಿಸಿದ.

"ಇಷ್ಟೇನಾ?"

"ಇಷ್ಟೇ" ಅಂದಳು ಹಲ್ಲಕ್ಕ.

"ನಾನು ಅಂದ್ಕೊಂಡಿದ್ದೇ ಚೆನ್ನಾಗಿತ್ತು ಬಿಡು. ಆ ಲಿಫ್ಟಲ್ಲಿ ಕೂತಾಗ್ಲೇ ಶುರು ಮಾಡಿದ್ದೆ. ಆಮೇಲೆ ಕೆಲಸ ಮಾಡ್ತಾ ಮಾಡ್ತಾ ಸೇರಿಸ್ಕೊಂಡು ಬಂದೆ."

ಮೂವರೂ ಅವನತ್ತ ತಿರುಗಿದರು. ಅವನ ತಲೆಯಲ್ಲೊಂದು ಕೊನೆ ಇರಬಹುದೆಂದು ಅವರಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಅವನಿಂದ ಮುಚ್ಚಿಡುವುದೊಂದೇ ಅವರ ಚಿಂತೆ.

"ಏನದು? ಹೇಳೋ" ಅಂದಳು ಹಲ್ಲಕ್ಕ.

"ಈಗಾಗಲ್ಲ. ಉದ್ದ ಇದೆ, ಉಸಿರು ಬೇಕು." ಮುಖದಲ್ಲಿ ಹಳೆಯ ತುಂಟತನ ಒಂದು ಗಳಿಗೆ ಬಂದು ಹೋಯಿತು. "ಮುಂದಿನ ಭಾನುವಾರ ಬನ್ನಿ. ನಿಂಗೆ ತಪ್ಪು ಹಿಡಿಯೋಕೆ ಒಂದೂ ಸಿಗಲ್ಲ, ನೋಡ್ತಿರು."

ಗುರುವಾರ ಬೆಳಿಗ್ಗೆ ಅವನು ತೀರಿಕೊಂಡ.

ಅಳುವವರು ಅತ್ತರು, ಹೋಗುವವರು ಹೋದರು. ಕೆಲವು ವಾರ ದವಾಖಾನೆಯ ಹಾಲಿನ ಬೀಗ ತೆಗೆಯಲಿಲ್ಲ. ಹಲ್ಲಕ್ಕ ಹಿಂದಿನ ಕೋಣೆಯಲ್ಲಿ ಸೆಟ್ಟು ಉಜ್ಜುತ್ತ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೂರುತ್ತಿದ್ದಳು. ಎರಡು ಸೆಟ್ಟುಗಳು, ಮೇಲಿನ ಸಾಲು ಕೆಳಗಿನದಕ್ಕೆ ಕೂರಲಿಲ್ಲವೆಂದು ವಾಪಸ್ಸು ಬಂದವು. ಇಷ್ಟು ವರ್ಷಗಳಲ್ಲಿ ಹಾಗೆ ಆದದ್ದು ಅದೇ ಮೊದಲು. ಡಾಕ್ಟರು ಏನೂ ಅನ್ನದೆ ಅವಳ ಮೇಜಿನ ಮೇಲಿಟ್ಟು ಹೋದರು. ಕೊನೆಗೊಂದು ಭಾನುವಾರ ಕಂಡಕ್ಟರ್ ಬಂದು ಮೆಟ್ಟಿಲ ಮೇಲೆ ಕೂತ, ಪಾರ್ಲರಮ್ಮನೂ ಬಂದಳು. ಮೂವರೂ ಒಳಗೆ ಕೂತರು. ಯಾವ ಕಂತು ಹಾಕಿದರೂ ಸಿಡಿಲಣ್ಣನ ಮಾತು ಆಡುವವರಿಲ್ಲ. ಟೀವಿ ಹಚ್ಚದೆಯೇ ಚಹಾ ಕುಡಿಯುತ್ತಿದ್ದರು.

ಆಗ ಲಿಫ್ಟಣ್ಣನ ಹೆಂಡತಿ ಬಂದಳು. ಅದುವರೆಗೆ ಅವಳು ಆ ಹಾಲಿಗೆ ಕಾಲಿಟ್ಟವಳೇ ಅಲ್ಲ. ರೋಗಿಗಳು ಕೂರುವ ಬೆಂಚಿನ ತುದಿಯಲ್ಲಿ ಕೂತು, ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ಅಕ್ಕ, ಒಂದು ಕೇಳೋಕೆ ಬಂದೆ" ಅಂದಳು ಹಲ್ಲಕ್ಕನಿಗೆ. "ಅವರು ಅದೇನೋ ಕಥೆ ಕಟ್ಟಿದ್ರಲ್ಲ, ಕೊನೇದು. ನಾನು ಆ ಧಾರಾವಾಹಿ ನೋಡಿ ಬೆಳೆದೋಳಲ್ಲ. ನಂಗೆ ಅರ್ಥವಾಗಲ್ಲ ಅಂದ್ಕೊಂಡು ಅವರು ಅದನ್ನ ಯಾವತ್ತೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆ ಬುಧವಾರ ಪೂರ್ತಿ ತುಟಿ ಆಡಿಸ್ತಾನೇ ಇದ್ರು. ಏನ್ರೀ ಅಂದ್ರೆ, ಭಾನುವಾರಕ್ಕೆ ಬಾಯಿಪಾಠ ಮಾಡ್ತಿದೀನಿ ಅಂದ್ರು." ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನೀವು ಇಷ್ಟು ವರ್ಷದ ಸ್ನೇಹಿತರು. ಯಾವಾಗ್ಲಾದ್ರೂ ಒಂಚೂರಾದ್ರೂ ಹೇಳಿರ್ತಾರಲ್ಲ? ಅಷ್ಟನ್ನೇ ಹೇಳಿ. ಕೇಳ್ಬೇಕು ಅನ್ನಿಸ್ತಿದೆ."

ಕಂಡಕ್ಟರ್ ಚಹಾದ ಲೋಟವನ್ನು ಕೆಳಗಿಟ್ಟ. ಪಾರ್ಲರಮ್ಮ ಹಲ್ಲಕ್ಕನನ್ನು ನೋಡಿದಳು. ಹಲ್ಲಕ್ಕ ಬಾಯಿ ತೆರೆದಳು. ಏನಾದರೊಂದು ಕಟ್ಟಿ ಹೇಳಬಹುದಿತ್ತು. ಈ ಹೆಂಗಸು ತಪ್ಪು ಹಿಡಿಯುತ್ತಿರಲಿಲ್ಲ.

"ಹೇಳಿಲ್ಲಮ್ಮ" ಅಂದಳು. "ಆ ಭಾನುವಾರದವರೆಗೂ ನಾವು ಕೇಳೇ ಇರ್ಲಿಲ್ಲ."