ಗಿರಣಿ ನಿಲ್ಲಿಸುವುದನ್ನು ಕಲಿತ ದುಂಡವ್ವ

ತಿಕೋಂಡಿಯ ದುಂಡವ್ವನಿಗೆ ಡೀಸೆಲ್ ಎಂಜಿನ್ ಚಾಲು ಮಾಡುವುದು ಒಂದೇ ದಿನದಲ್ಲಿ ಬಂತು. ಅದನ್ನು ಸರಿಯಾಗಿ ನಿಲ್ಲಿಸಲು ಕಲಿಯುವುದಕ್ಕೆ ಅರ್ಧ ಬೇಸಿಗೆ ಹಿಡಿಯಿತು.

ಎಂಜಿನ್ ತಂದವನು ಅವಳ ಗಂಡ ಬೀರದೇವ. ೧೯೬೮ರಲ್ಲಿ ಒಂದಿಷ್ಟು ಕುರಿ ಮಾರಿ ಊರಿನಲ್ಲಿ ಹಿಟ್ಟಿನ ಗಿರಣಿ ಹಾಕಿದ. ಎಂಜಿನ್ನಿನ ಚಕ್ರದಿಂದ ಉದ್ದನೆಯ ಬೆಲ್ಟಿನ ಪಟ್ಟಾ ಗಿರಣಿಗೆ ಬರುತ್ತಿತ್ತು. ಗಿರಣಿಯ ಬದಿಗೆ ಎರಡು ಗಾಲಿ: ಒಂದು ಸುಮ್ಮನೆ ತಿರುಗುವಂಥದು, ಇನ್ನೊಂದು ಬೀಸುವ ಕಲ್ಲನ್ನು ತಿರುಗಿಸುವಂಥದು. ಚಾಲು ಮಾಡುವಾಗ ಪಟ್ಟಾ ಖಾಲಿ ಗಾಲಿಯ ಮೇಲಿರಬೇಕು. ಎಂಜಿನ್ ವೇಗ ಹಿಡಿದ ಮೇಲೆ ಕೋಲಿನಿಂದ ಪಟ್ಟಾವನ್ನು ಕಲ್ಲಿನ ಗಾಲಿಗೆ ಸರಿಸಬೇಕು. ಕಲ್ಲು ತಿರುಗಿದ ಮೇಲೆಯೇ ಕಾಳು. ಇಷ್ಟನ್ನು ಹೆಂಡತಿಗೆ ಕಲಿಸಿ, ಬೀರದೇವ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆಗೆ ಹೋದ.

ಮರುದಿನದಿಂದಲೇ ತೊಂದರೆ ಶುರುವಾಯಿತು. ಬೆಳಿಗ್ಗೆ ಎಂಜಿನ್ ಸರಿಯಾಗಿಯೇ ಹತ್ತುತ್ತಿತ್ತು. ಆದರೆ ದುಂಡವ್ವ ಪಟ್ಟಾ ಸರಿಸಿದ ಕೂಡಲೇ ಒಮ್ಮೆ ನರಳಿ, ಕರಿ ಹೊಗೆ ಬಿಟ್ಟು ನಿಂತುಬಿಡುತ್ತಿತ್ತು. ಕಲ್ಲನ್ನು ಸಡಿಲಿಸಿ, ಕೈಯಿಂದ ಹಿಂದೆ ಮುಂದೆ ಆಡಿಸಿ, ಅಂತೂ ನಡೆಸುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು.

"ನಿನ್ನ ಎಂಜಿನ್‌ಗೆ ಗಂಡನ ನೆನಪ ಆಗೈತಿ ನೋಡವ್ವ," ಎಂದು ನೆರೆಮನೆಯ ಮುದುಕಿ ಚನ್ನವ್ವ ಜೋಳದ ಬುಟ್ಟಿ ಇಳಿಸುತ್ತ ನಗುತ್ತಿದ್ದಳು.

"ನನಗ ಆಗದ ನೆನಪು ಅದಕ್ಯಾಕ ಆಗ್ತೈತಿ ಬೇ?"

"ಅದೂ ಖರೆ. ಲಗೂನ ಬೀಸಿಕೊಡು, ಮೊಮ್ಮಕ್ಕಳು ರೊಟ್ಟಿ ರೊಟ್ಟಿ ಅಂತ ನನ್ನ ತಿನ್ನಾಕತ್ತಾವ."

ಬೀರದೇವನ ಅಣ್ಣ ವಿಠೋಬನಿಗೆ ಮಾತ್ರ ನಗು ಬರಲಿಲ್ಲ. ಬೇರೆ ಮನೆ ಮಾಡಿದ್ದರೂ ಹಿರಿಯ ಅವನೇ. "ತಂಗೀ, ಇದು ಹೆಣ್ಣಮಕ್ಕಳ ಕೈಲೆ ಆಗೂ ಕೆಲಸ ಅಲ್ಲ. ಕರಜಗಿ ಅಣ್ಣಾರಾಯ ಗಿರಣಿ ನಡಸಾಕ ಕೇಳ್ಯಾನ. ಸೋಮವಾರ ಬರ್ತಾನ, ಕೊಟ್ಟಬಿಡೂನು."

"ಸೋಮವಾರತನಕ ತಡೀರಿ ಭಾವಾ. ಅಷ್ಟರಾಗ ಚಲೋ ಆಗದಿದ್ರ ನಿಮ್ಮ ಮಾತ ಆಗ್ಲಿ."

ಗಿರಣಿ ಬಿಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಊರಿನ ಸುದ್ದಿಯೆಲ್ಲ ಈಗ ಅವಳ ಕಟ್ಟೆಗೇ ಬರುತ್ತಿತ್ತು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ದನಿ ಬಲಿತಿತ್ತು, ನಡಿಗೆಯೂ ಬದಲಾಗಿತ್ತು.

ವಿಠೋಬ ಜತ್ತದಿಂದ ಒಬ್ಬ ಮಿಸ್ತ್ರಿಯನ್ನೂ ಕರೆಸಿದ. ಅವನು ಮಧ್ಯಾಹ್ನದ ಬಸ್ಸಿಗೆ ಬಂದು, ಎಂಜಿನ್ ಬಿಚ್ಚಿ ಒರೆಸಿ ಜೋಡಿಸಿದ. ಮೊದಲ ಸಲಕ್ಕೇ ಗಿರಣಿ ತಿರುಗಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ನರಳಾಟ.

ಆಗ ದುಂಡವ್ವ ಯೋಚಿಸಿದಳು. ಮಿಸ್ತ್ರಿ ಬಂದದ್ದು ಮಧ್ಯಾಹ್ನ. ಊಟಕ್ಕೆ ನಿಲ್ಲಿಸಿ ಮತ್ತೆ ಚಾಲು ಮಾಡುವಾಗ ಅವಳಿಗೂ ಎಂದೂ ತೊಂದರೆ ಆಗಿರಲಿಲ್ಲ. ಎಂಜಿನ್ ಅದೇ, ಡೀಸೆಲ್ ಅದೇ, ಕೈಯೂ ಅದೇ. ಎರಡು ಹೊತ್ತೂ ಚಾಲು ಮಾಡುವ ರೀತಿ ಒಂದೇ ಆಗಿರುವಾಗ, ವ್ಯತ್ಯಾಸ ನಿಲ್ಲಿಸುವುದರಲ್ಲೇ ಇರಬೇಕು.

ಮಧ್ಯಾಹ್ನದ ಗಿರಾಕಿ ತನ್ನ ಹಿಟ್ಟೆಲ್ಲ ಉದುರುವವರೆಗೆ ಡಬ್ಬಿ ತೆಗೆಯುತ್ತಿರಲಿಲ್ಲ. ಕಲ್ಲು ತಾನಾಗಿ ಬರಿದಾಗುತ್ತಿತ್ತು. ಸಂಜೆ ಹಾಗಲ್ಲ. ಎಲ್ಲರೂ ಹೋದ ಮೇಲೆ ಅವಳು ತಿರುಗುವ ಕಲ್ಲಿಗೆ ಒಂದು ಬೊಗಸೆ ಜೋಳ ಬಿಟ್ಟು, ಕೈಮುಗಿದು, ಆಮೇಲೆ ಎಂಜಿನ್ ನಿಲ್ಲಿಸುತ್ತಿದ್ದಳು. ಬೀಸುವ ಕಲ್ಲನ್ನು ರಾತ್ರಿ ಬರಿಬಾಯಲ್ಲಿ ಬಿಡಬಾರದೆಂದು ಅವಳ ಅವ್ವ ಕಲಿಸಿದ್ದಳು. ಆ ಕಡೆಯ ಮನೆಗಳಲ್ಲಿ ಹೆಂಗಸರೆಲ್ಲ ಪಾಲಿಸುತ್ತಿದ್ದ ರೂಢಿ ಅದು. ಬೀಸಲು ಎಂದೂ ಕೂರದ ಬೀರದೇವನಿಗೆ ಅದು ಗೊತ್ತೇ ಇರಲಿಲ್ಲ. ಕೈಯಿಂದ ಬೀಸುವ ಕಲ್ಲಿಗೆ ಅಷ್ಟು ಕಾಳು ಭಾರವಲ್ಲ. ಬಿಗಿಯಾಗಿ ಕೂರಿಸಿದ ಗಿರಣಿಯ ಕಲ್ಲುಗಳ ನಡುವೆ ಅರ್ಧ ಬೀಸಿದ ಕಾಳು ಸಿಕ್ಕರೆ ಬೆಣೆ ಬಡಿದಂತೆ.

ಭಾನುವಾರ ಸಂಜೆ ಅವಳು ಮೊದಲು ಕಾಳು ಬಿಡುವುದನ್ನು ನಿಲ್ಲಿಸಿದಳು. ಹಿಟ್ಟು ಮುಗಿಯುತ್ತ ಬಂದಂತೆ ಕಲ್ಲು ಸಡಿಲಿಸಿದಳು. ಪಟ್ಟಾವನ್ನು ಖಾಲಿ ಗಾಲಿಗೆ ಸರಿಸಿದಳು. ಎಲ್ಲಕ್ಕೂ ಕೊನೆಗೆ ಎಂಜಿನ್. ಬೊಗಸೆ ಜೋಳವನ್ನು ತಾಟಿನಲ್ಲಿ ಹಾಕಿ ಕಲ್ಲಿನ ಮುಂದಿಟ್ಟಳು.

ನೋಡುತ್ತಿದ್ದ ಚನ್ನವ್ವ ಗಾಬರಿಯಾದಳು. "ಯವ್ವಾ, ಕಲ್ಲು ಸಿಟ್ಟಾದೀತ."

"ಬಾಯಾಗ ತುತ್ತ ಇಟ್ಕೊಂಡು ಯಾರರ ಮಲಗ್ತಾರೇನ ಬೇ? ತಾಟಿನ್ಯಾಗ ಇಟ್ಟೀನಿ. ಎದ್ದಮ್ಯಾಲ ಉಣ್ತೈತಿ."

ಸೋಮವಾರ ವಿಠೋಬ ಅಣ್ಣಾರಾಯನನ್ನು ಕರೆತಂದಾಗ ಕಟ್ಟೆಯ ತುಂಬ ಹೆಂಗಸರು. ದುಂಡವ್ವ ಎಂಜಿನ್ ಹತ್ತಿಸಿ, ಕೋಲಿನಿಂದ ಪಟ್ಟಾ ಸರಿಸಿದಳು. ಎಂಜಿನ್ ಒಂದಿಷ್ಟೂ ತಗ್ಗಲಿಲ್ಲ, ಕಲ್ಲು ಗುಂಯ್ಗುಟ್ಟಿತು.

"ಒಂದಿನ ನಡೀತು. ನಾಳಿಗೆ?" ಎಂದ ವಿಠೋಬ.

"ನಾಳಿತನಕ ಯಾಕ ಕಾಯ್ತೀರಿ?" ಎಂದು ಅವಳು ಬೇಕೆಂದೇ ಬೊಗಸೆ ಜೋಳ ಸುರಿದು ಎಂಜಿನ್ ನಿಲ್ಲಿಸಿದಳು. ಮತ್ತೆ ಚಾಲು ಮಾಡಿ ಪಟ್ಟಾ ಸರಿಸಿದರೆ ಅದೇ ನರಳಾಟ, ಅದೇ ಹೊಗೆ. ಕಲ್ಲು ಬಿಚ್ಚಿ, ಗುಡಿಸಿ, ಮೂರನೆಯ ಸಲ ಹತ್ತಿಸಿದಾಗ ಸಲೀಸಾಗಿ ತಿರುಗಿತು.

ಅಣ್ಣಾರಾಯ ಹೆಗಲ ಮೇಲಿನ ವಸ್ತ್ರದಿಂದ ಮುಖದ ಹಿಟ್ಟು ಒರೆಸಿಕೊಂಡ. "ವಿಠೋಬಾ, ಬ್ಯಾನಿ ತರಾಕೂ ಬಿಡಸಾಕೂ ಈ ತಾಯಿಗೆ ಬರ್ತೈತಿ. ನನ್ನ ಕೆಲಸ ಏನೈತಿ ಇಲ್ಲೆ?"

"ಉಂಡು ಹೋಗೂದೈತ್ರಿ," ಎಂದಳು ದುಂಡವ್ವ. "ಕುಂದ್ರಿ, ಹಿಟ್ಟು ಬಿಸಿ ಐತಿ."

ಮಳೆಗಾಲಕ್ಕೆ ಬೀರದೇವ ಮರಳಿದ. ಕಥೆ ಕೇಳಿ ನಕ್ಕು, "ಇನ್ನ ಗಿರಣಿ ನಾ ನೋಡ್ಲೇನ?" ಎಂದ.

"ಬ್ಯಾಡ್ರಿ. ನೀವು ಕುರೀನ ನೋಡ್ರಿ," ಎಂದಳು ದುಂಡವ್ವ. "ಅವನ್ನ ಹೆಂಗ ನಿಲ್ಲಿಸಿದ್ರೂ ಮುಂಜಾನೆ ನಡೀತಾವ."