ಬೀಗ ಗುರುತಿಸದ ಮುಖ

ನಮ್ಮಕ್ಕನಿಗೆ ಕೈ ಮೊದಲು, ಬಾಯಿ ಆಮೇಲೆ. ನಮ್ಮ ರಿಪೇರಿ ಅಂಗಡಿಯಲ್ಲಿ ಒಬ್ಬ ಗಿರಾಕಿ ಅವಳ ಸೊಂಟಕ್ಕೆ ಕೈ ಹಾಕಿದಾಗ ಆ ಕೈಯ ಬೆರಳನ್ನೇ ಹಿಂದಕ್ಕೆ ಮಡಚಿ ಮುರಿದವಳು. ಆ ಸದ್ದು ನನಗೆ ಇನ್ನೂ ನೆನಪಿದೆ. ಬೀದಿಯವರೆಲ್ಲ ಅವಳನ್ನು ‘ಸ್ಪ್ಯಾನರ್’ ಎಂದೇ ಕರೆಯುತ್ತಾರೆ.

ಅಮ್ಮ ಹೋದಾಗ ತಂಗಿಗೆ ನಾಲ್ಕು ವರ್ಷ. ಅವಳ ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಮದುವೆ ಮಾಡಿಕೊಟ್ಟದ್ದು ಎಲ್ಲ ಅಕ್ಕನೇ. ಅಂಗಡಿಯಲ್ಲಿ ಅಕ್ಕನೂ ನಾನೂ ರಿಪೇರಿ ಮಾಡುತ್ತೇವೆ: ಮಾತಾಡುವ ಸ್ಪೀಕರು, ತಾನೇ ಕಸ ಗುಡಿಸುವ ಮೆಷಿನ್ನು, ಮುಖ ನೋಡಿ ತೆರೆಯುವ ಬೀಗ. “ಎಲ್ಲಕ್ಕೂ ಎಐ ಬುದ್ಧಿ ಬಂತು, ಕೊಂಡವರಿಗೆ ಮಾತ್ರ ಬರಲಿಲ್ಲ” ಎಂದು ಅಕ್ಕ ಬೈಯುತ್ತಿರುತ್ತಾಳೆ.

ಒಂದು ದಿನ ತಂಗಿಯ ಗಂಡ ತನ್ನ ಮನೆಯ ಬೀಗವನ್ನೇ ಬಿಚ್ಚಿಕೊಂಡು ಬಂದ.

“ಅಕ್ಕಾ, ಇದು ದಂಡ. ನನ್ನ ಮುಖಕ್ಕೆ ತೆಗಿಯುತ್ತೆ, ಇವಳ ಮುಖ ಆಗಾಗ ಗುರುತೇ ಹಿಡಿಯಲ್ಲ. ಹೊರಗೇ ನಿಂತಿರ್ತಾಳೆ. ನಾನು ಬರೋ ಹೊತ್ತಿಗೆ ಅಡುಗೆ ಆಗಿರಲ್ಲ.”

ಗುರುತು ಸಿಗದ ಮುಖದ ಚಿತ್ರವನ್ನೆಲ್ಲ ಈ ಬೀಗ ತೆಗೆದಿಟ್ಟುಕೊಳ್ಳುತ್ತದೆ. ಕೊಂಡವರಿಗೆ ಅದು ಗೊತ್ತಿರುವುದಿಲ್ಲ. ಅವನು ಹೋದ ಮೇಲೆ ಅಕ್ಕ ಬೀಗವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಇಪ್ಪತ್ತಮೂರು ಚಿತ್ರ. ಪ್ರತಿಯೊಂದರ ಕೆಳಗೂ ‘ಅಪರಿಚಿತ ವ್ಯಕ್ತಿ’. ಎಲ್ಲವೂ ನಮ್ಮ ತಂಗಿಯೇ. ಒಂದರಲ್ಲಿ ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ತುಟಿ ಸೀಳಿತ್ತು, ಮತ್ತೊಂದರಲ್ಲಿ ಕೆನ್ನೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿತ್ತು. ಫೋನಿನಲ್ಲಿ ಮಾತ್ರ “ಚೆನ್ನಾಗಿದ್ದೀನಿ ಕಣೋ” ಎನ್ನುತ್ತಿದ್ದಳು. ಬೀಗದಲ್ಲಿ ಯಾವ ದೋಷವೂ ಇರಲಿಲ್ಲ.

ರಿಪೇರಿಯಾದ ಬೀಗಕ್ಕೆ ನಮ್ಮ ಮುಖ ತೋರಿಸಿ ಪರೀಕ್ಷೆ ಮಾಡುವುದು, ಕೊಡುವ ಮೊದಲು ಅಳಿಸುವುದು ನಮ್ಮ ಪದ್ಧತಿ. ಅಕ್ಕ ತನ್ನ ಮುಖ ಸೇರಿಸಿದಳು.

“ಅಳಿಸಲ್ವಾ?” ಎಂದೆ.

“ಈ ಸಲ ಬೇಡ. ಅವನು ಕೈ ಎತ್ತಿರುವಾಗಲೇ ಹಿಡೀಬೇಕು. ಇಲ್ಲಾಂದ್ರೆ ಜಾರಿ ಬಿದ್ದೆ ಅಂತ ಇವಳೇ ಹೇಳ್ತಾಳೆ.”

ಬೀಗವನ್ನು ಅವಳೇ ಹೋಗಿ ಕೂರಿಸಿ ಬಂದಳು. ಮರುದಿನ ಅವನಿಗೆ ರಜೆ. ಮಧ್ಯಾಹ್ನ ನಾವಿಬ್ಬರೂ ಆ ಮನೆಯ ಮೆಟ್ಟಿಲ ಬಳಿ ನಿಂತಿದ್ದೆವು, ಅಕ್ಕನ ಕೈಯಲ್ಲಿ ಸ್ಪ್ಯಾನರ್ ಇತ್ತು. ಒಳಗೆ ಪಾತ್ರೆ ಉರುಳಿತು, ತಂಗಿ ಚೀರಿದಳು. ಅಕ್ಕ ಬೀಗಕ್ಕೆ ಮುಖವೊಡ್ಡಿದಳು. “ಸ್ವಾಗತ” ಎಂದು ಬಾಗಿಲು ತೆರೆಯಿತು.

ಅವನು ತಂಗಿಯ ಕೂದಲು ಹಿಡಿದು ಹೊಟ್ಟೆಗೆ ಒದೆಯುತ್ತಿದ್ದ. ಅಕ್ಕನ ಸ್ಪ್ಯಾನರಿನ ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ದವಡೆಗೆ. ಅವನು ಕುಕ್ಕರಿನ ಮುಚ್ಚಳದಿಂದ ಅವಳ ಮುಖಕ್ಕೆ ಬೀಸಿದ. ಮೂಗು ಮುರಿಯಿತು, ಎರಡು ಹಲ್ಲು ನೆಲಕ್ಕೆ ಬಿದ್ದವು. ನಾನು ಅವನ ಸೊಂಟ ತಬ್ಬಿ ಎಳೆದೆ. ಮೂವರೂ ಉರುಳಾಡಿ ಹೊಸ್ತಿಲಾಚೆ ಬಿದ್ದೆವು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು; ತಂಗಿ ಒಳಗೇ ಉಳಿದಳು.

ಅವನು ನನ್ನನ್ನು ಒದ್ದು ಎದ್ದು ಬೀಗಕ್ಕೆ ದವಡೆ ಊದಿದ ಮುಖ ತೋರಿಸಿದ. “ಅಪರಿಚಿತ ವ್ಯಕ್ತಿ” ಎಂದಿತು ಬೀಗ. ಅಕ್ಕ ಅವನನ್ನು ತಳ್ಳಿ ತನ್ನ ಮುಖ ತೋರಿಸಿದಳು. ರಕ್ತದಲ್ಲಿ ಅವಳ ಮುಖವೂ ಮುಖವಾಗಿ ಉಳಿದಿರಲಿಲ್ಲ. “ಅಪರಿಚಿತ ವ್ಯಕ್ತಿ.”

ಅವನ ದನಿ ಬೆಣ್ಣೆಯಾಯಿತು. “ನಾನು ಕಣೇ. ತುಂಬಾ ನೋವಾಯ್ತಾ? ಬಾಗಿಲು ತೆಗಿ ಚಿನ್ನ.”

ನನಗೆ ನಿಜವಾಗಿ ಭಯವಾದದ್ದು ಆಗ. ಮದುವೆಯಾದ ಮೂರು ವರ್ಷವೂ ಆ ದನಿಗೆ ಅವಳು ಕರಗುತ್ತಲೇ ಬಂದಿರಬೇಕು. ಬಾಗಿಲು ಒಂದು ಗೇಣು ತೆರೆದರೂ ಸಾಕು, ಇವನು ಒಳಗೆ ನುಗ್ಗುತ್ತಿದ್ದ.

ಅಕ್ಕ ರಕ್ತ ಉಗುಳಿದಳು. “ತೆಗೀಬೇಡ ಪುಟ್ಟಿ. ನನಗೂ ತೆಗೀಬೇಡ.”

ಆಮೇಲೆ ಒಳಗಿನಿಂದ ಕಬ್ಬಿಣದ ಚಿಲಕ ಬಿದ್ದ ಸದ್ದಾಯಿತು. ತಂಗಿ ಪೊಲೀಸರಿಗೆ ಫೋನಿನಲ್ಲಿ ಮನೆಯ ವಿಳಾಸ ಹೇಳತೊಡಗಿದಳು, ಅವರು ಕೇಳಿದ್ದಕ್ಕೆ ಇನ್ನೊಮ್ಮೆ ಹೇಳಿದಳು. ಅವನು ಬಾಗಿಲಿಗೆ ಒದೆಯುತ್ತಲೇ ಇದ್ದ. ಅಕ್ಕ ಸ್ಪ್ಯಾನರ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.